ಗುಳಿಗೆಯ ಗಡಿಯಾರ, ಮನೆಯ ಗಡಿಯಾರ

ನಾಲ್ಕು ರೊಟ್ಟಿ ಕಟ್ಟಿ ಕಳಿಸಿದ ಡಬ್ಬಿ ಸಂಜೆ ಮೂರೂವರೆ ರೊಟ್ಟಿ ಹೊತ್ತುಕೊಂಡು ವಾಪಸ್ ಬಂದರೆ ನಮ್ಮ ಕಡೆ ಅದು ಸಣ್ಣ ಸಂಗತಿಯಲ್ಲ. "ಯಾಕವಾ, ಪಲ್ಯಾ ರುಚಿ ಆಗಿದ್ದಿಲ್ಲೇನ? ಆಫೀಸಿನ್ಯಾಗ ಯಾರರ ಏನರ ಅಂದ್ರೇನ?" ಎಂದು ಮೊದಲ ವಾರ ನಮ್ಮ ಅತ್ತೆ ಕೇಳಿದರು. ಎರಡನೆಯ ವಾರ ಕೇಳಲಿಲ್ಲ, ಸುಮ್ಮನೆ ಡಬ್ಬಿ ತೊಳೆದಿಟ್ಟರು. ಮೂರನೆಯ ವಾರ ನನ್ನ ತವರಿಗೆ ಫೋನ್ ಹೋಯಿತು. ರಾತ್ರಿ ಅವ್ವ ನನಗೆ ಫೋನ್ ಮಾಡಿ, "ಅತ್ತಿ ಮ್ಯಾಲ ಸಿಟ್ಟ ಏನರ ಇದ್ರ ಊಟದ ಮ್ಯಾಲ ತೋರಿಸಬಾರದವಾ" ಎಂದಳು. ಯಾರ ಮೇಲೂ ನನಗೆ ಸಿಟ್ಟಿರಲಿಲ್ಲ. ಹಸಿವೇ ಇರಲಿಲ್ಲ, ಅಷ್ಟೇ. ದಿನಾ ನುಂಗುತ್ತಿದ್ದ 10 ಮಿಲಿಗ್ರಾಂ ಗುಳಿಗೆಯೊಂದು ಮಧ್ಯಾಹ್ನದ ಹೊತ್ತಿಗೆ ನನ್ನ ಹೊಟ್ಟೆಯನ್ನು ಮೂಕವಾಗಿಸುತ್ತಿತ್ತು.

ನಾನು ವಿಜಯಪುರದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ನನಗೆ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ) ಇದೆ ಎಂದು ಗೊತ್ತಾದದ್ದು 37ನೇ ವಯಸ್ಸಿನಲ್ಲಿ. ಆ ಗುಳಿಗೆ ಅದಕ್ಕೆಂದೇ. ಅಲ್ಲಿಯವರೆಗೆ ನನಗಿದ್ದ ಹೆಸರುಗಳು ಬೇರೆ: ಮರೆಗುಳಿ, ಗಡಿಬಿಡಿ ಹೆಣ್ಣು, ತಲಿ ಮನಿಯಾಗ ಇಟ್ಟು ಬರಾಕಿ. ಗಮನ ಒಂದೆಡೆ ನಿಲ್ಲದಿರುವುದು, ಹಿಡಿದ ಕೆಲಸ ಅರ್ಧಕ್ಕೆ ಬಿಡುವುದು, ಹೊತ್ತಿನ ಅಂದಾಜು ಸಿಗದಿರುವುದು, ತಡೆದುಕೊಳ್ಳಲಾಗದೆ ಮಾತಾಡಿಬಿಡುವುದು ಇವೆಲ್ಲ ಸ್ವಭಾವದ ದೋಷವೆಂದು ಬೈಸಿಕೊಂಡು ಬೆಳೆದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಜಗತ್ತಿನ ಬೇರೆ ಬೇರೆ ಕಡೆಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ವಯಸ್ಕರಲ್ಲಿ ನೂರಕ್ಕೆ ಎರಡು-ಮೂರು ಮಂದಿಗೆ ಈ ತೊಂದರೆ ಇರುತ್ತದೆ. ದೊಡ್ಡವರಾದ ಮೇಲೆ ಹೊಸದಾಗಿ ಹುಟ್ಟುವ ಕಾಯಿಲೆ ಇದಲ್ಲ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಎಂಬ 2013ರ ಕೈಪಿಡಿಯ ಪ್ರಕಾರ ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮೊದಲೇ ಕಂಡಿರಬೇಕು. ಶಾಲೆಯಲ್ಲಿ ಕಿಟಕಿಯಾಚೆ ನೋಡುತ್ತ ಕೂತ ಹುಡುಗಿಯನ್ನು ಯಾರೂ ಆಸ್ಪತ್ರೆಗೆ ಕರೆದೊಯ್ಯುವುದಿಲ್ಲವಾದ್ದರಿಂದ ಹೆಣ್ಣುಮಕ್ಕಳಲ್ಲಿ ಇದು ತಡವಾಗಿಯೇ ಪತ್ತೆಯಾಗುತ್ತದೆ.

ಗುಳಿಗೆ ನನಗೆ ಉಪಕಾರ ಮಾಡಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವುದೆಲ್ಲ ತ್ರಾಸಿನ ಕಥೆ. ಖಾತೆ ಪುಸ್ತಕದ ಒಂದು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿಗೆ ಕೂಡಿ ಮುಗಿಸಿದ ದಿನ ನಾನು ಅತ್ತಿದ್ದೇನೆ. ಆದರೆ ಮೊದಲ ಮೂರು ತಿಂಗಳಲ್ಲಿ ಎರಡು ಸಲ ಗುಳಿಗೆ ಬಿಟ್ಟಿದ್ದೇನೆ. ಹಾಗೆ ಬಿಟ್ಟವರು ನಾನೊಬ್ಬಳೇ ಅಲ್ಲ. ಬಾಗಲಕೋಟೆಯ ಗೆಳತಿಯೊಬ್ಬಳು ಎಂಟನೇ ದಿನಕ್ಕೆ, ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಮುಗಿಸಿದ ಸೋದರಳಿಯ ಎರಡನೇ ತಿಂಗಳಿಗೆ ಬಿಟ್ಟರು. ಮೂವರೂ ಹೇಳಿದ್ದು ಒಂದೇ ಮಾತು: "ಮೈಗೆ ಹಿಡಿಸಲಿಲ್ಲ." ಈ ಮಾತಿನಲ್ಲೇ ಎಡವಟ್ಟಿದೆ. ಮೈಗೆ ಏನು ಹಿಡಿಸಲಿಲ್ಲ, ದಿನದ ಯಾವ ಹೊತ್ತಿನಲ್ಲಿ ಹಿಡಿಸಲಿಲ್ಲ ಎಂದು ನಮ್ಮನ್ನು ಯಾರೂ ಕೇಳಲಿಲ್ಲ, ನಾವೂ ನಮ್ಮನ್ನು ಕೇಳಿಕೊಳ್ಳಲಿಲ್ಲ. ಈ ಔಷಧದ ಅಡ್ಡಪರಿಣಾಮಗಳಲ್ಲಿ ಬಹುಪಾಲು ಗಡಿಯಾರಕ್ಕೆ ಕಟ್ಟಿಹಾಕಿದಂತೆ ಬರುತ್ತವೆ, ಹೋಗುತ್ತವೆ. ಹೊತ್ತು ಗೊತ್ತಾದರೆ ಅರ್ಧ ದಾರಿ ಸಿಕ್ಕಂತೆ.

ಭಾರತದಲ್ಲಿ ಎಡಿಎಚ್‌ಡಿಗೆಂದು ಔಷಧ ಅಂಗಡಿಯಲ್ಲಿ ಸಿಗುವ ಉತ್ತೇಜಕ ಗುಳಿಗೆ ಮೀಥೈಲ್‌ಫೆನಿಡೇಟ್. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ಲಿಯಾಂಡ್ರೊ ಪಾನಿಜ್ಜೋನ್ ಎಂಬ ರಸಾಯನ ವಿಜ್ಞಾನಿ 1944ರಲ್ಲಿ ಇದನ್ನು ತಯಾರಿಸಿದರು. ಹತ್ತು ವರ್ಷದ ಮೇಲೆ ಅದು ರಿಟಾಲಿನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಆ ಹೆಸರು ಅವರ ಹೆಂಡತಿ ರೀಟಾರದು. ಮಿದುಳಿನಲ್ಲಿ ಇದು ಮಾಡುವ ಕೆಲಸವನ್ನು ಹೊಲದ ಮಾತಿನಲ್ಲಿ ಹೇಳಬಹುದು. ನರಕೋಶವೊಂದು ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ರಸಗಳನ್ನು ಮುಂದಿನ ಕೋಶಕ್ಕೆಂದು ಹರಿಯಬಿಡುತ್ತದೆ, ಬಿಟ್ಟ ಬೆನ್ನಿಗೇ ತಾನೇ ಮರಳಿ ಹೀರಿಕೊಳ್ಳುತ್ತದೆ. ಮಡಿಗೆ ಬಿಟ್ಟ ನೀರು ಬದುವಿನ ತೂತಿನಿಂದ ಹೊರಗೆ ಹೋದ ಹಾಗೆ. ಗುಳಿಗೆ ಆ ತೂತನ್ನು ಕೆಲವು ತಾಸು ಮುಚ್ಚುತ್ತದೆ. ನೀರು ನಿಲ್ಲುತ್ತದೆ, ಗಮನವೂ ನಿಲ್ಲುತ್ತದೆ. ಆದರೆ ನೀರು ನಮಗೆ ಬೇಕಾದ ಮಡಿಯಲ್ಲಷ್ಟೇ ನಿಲ್ಲುವುದಿಲ್ಲ. ಹಸಿವನ್ನು ಎಬ್ಬಿಸುವ ಜಾಗ, ನಿದ್ದೆಯ ಜಾಗ, ಹೃದಯ, ರಕ್ತನಾಳ ಎಲ್ಲ ಕಡೆ ಅದೇ ರಸಗಳ ಮಾತು ನಡೆಯುತ್ತದೆ.

ಸಾದಾ ಗುಳಿಗೆಯಾದರೆ ನುಂಗಿದ ಅರ್ಧ-ಮುಕ್ಕಾಲು ತಾಸಿನಲ್ಲಿ ಕೆಲಸ ಶುರು, ಎರಡು ತಾಸಿನ ಆಸುಪಾಸು ಏರುಮಟ್ಟ, ನಾಲ್ಕು ತಾಸಿಗೆ ಇಳಿತ. ಮೆಲ್ಲಗೆ ಕರಗುವ ದೀರ್ಘಾವಧಿಯ ಗುಳಿಗೆಯಾದರೆ ತಯಾರಿಕೆಗೆ ತಕ್ಕಂತೆ 8ರಿಂದ 12 ತಾಸು. (ಈ ದೀರ್ಘಾವಧಿಯದ್ದನ್ನು ಅಗಿಯಬಾರದು, ಪುಡಿ ಮಾಡಬಾರದು, ಮುರಿದು ಅರ್ಧ ನುಂಗಬಾರದು. ಇಡೀ ದಿನದ ಪ್ರಮಾಣ ಒಮ್ಮೆಲೇ ರಕ್ತಕ್ಕೆ ಇಳಿದೀತು.) ಇದು ಗುಳಿಗೆಯ ಗಡಿಯಾರ. ನಮ್ಮ ಮನೆ, ಆಫೀಸು, ಅಡುಗೆಮನೆಗಳಿಗೆ ಇನ್ನೊಂದು ಗಡಿಯಾರ ಇದೆ. ಅವೆರಡು ಎಲ್ಲೆಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೋ ಅಲ್ಲಲ್ಲಿ ನಾವು ನರಳುತ್ತೇವೆ.

ಮೊದಲ ಡಿಕ್ಕಿ ಬೆಳಿಗ್ಗೆ, ಚಹಾದ ಜೊತೆ. ನಮ್ಮ ಊರಲ್ಲಿ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಎರಡು ಚಹಾ ಆಗಿರುತ್ತವೆ. ಹತ್ತೂವರೆಗೆ ಗಾಂಧಿ ಚೌಕದ ಕಡೆಯಿಂದ ಹುಡುಗ ಕೆಟಲ್ ಹಿಡಿದು ಬಂದರೆ ಮೂರನೆಯದು. ನಾನು ಗುಳಿಗೆ ನುಂಗುತ್ತಿದ್ದದ್ದು ಎಂಟೂವರೆಗೆ. ಹತ್ತೂವರೆ ಎಂದರೆ ಸರಿಯಾಗಿ ಎರಡು ತಾಸು, ಗುಳಿಗೆ ನೆತ್ತಿಗೇರಿದ ಹೊತ್ತು. ಅದರ ಮೇಲೆ ಕೆಫೀನು. ಎದೆ ಡಬಡಬ, ಅಂಗೈ ಬೆವರು, ಬಾಯಿ ಒಣ, ದವಡೆ ಬಿಗಿ, ಯಾರೋ ಬೆನ್ನಟ್ಟಿ ಬರುತ್ತಿದ್ದಾರೆಂಬ ಕಾರಣವಿಲ್ಲದ ದಿಗಿಲು. ಇದನ್ನು ನಾನು ಒಂದು ತಿಂಗಳು ಗುಳಿಗೆಯ ಲೆಕ್ಕಕ್ಕೇ ಬರೆದೆ. ಕೆಫೀನಿನ ಅರ್ಧ ಭಾಗ ಮೈಯಿಂದ ಹೊರಹೋಗಲು ಸುಮಾರು ಐದು ತಾಸು ಬೇಕು. ಹಾಗಾಗಿ ಬೆಳಗಿನ ಮೂರು ಚಹಾ ಒಂದರ ಮೇಲೊಂದು ಕೂಡಿಕೊಂಡಿರುತ್ತಿದ್ದವು. ಮೊದಲು ಹತ್ತೂವರೆಯ ಚಹಾ ಬಿಟ್ಟೆ, ದಿಗಿಲು ಮುಕ್ಕಾಲುಪಾಲು ಹೋಯಿತು. ರೋಗ ಪತ್ತೆಯಾಗುವ ಮುಂಚೆ ನಮ್ಮಂಥವರು ಗೊತ್ತಿಲ್ಲದೆಯೇ ಚಹಾವನ್ನು ಔಷಧದಂತೆ ಕುಡಿದಿರುತ್ತೇವೆ, ಅದಕ್ಕೇ ಬಿಡುವುದು ಕಷ್ಟ. ತಂಬಾಕಿನ ಕಥೆಯೂ ಇದೇ. ನಿಪ್ಪಾಣಿಯ ತಂಬಾಕು ಬೆಳೆಯುವ ಸೀಮೆ ನಮ್ಮದು. ಎಲೆ-ಅಡಿಕೆಯ ಜೊತೆ, ಗುಟ್ಕಾದ ಜೊತೆ, ಬೀಡಿಯಲ್ಲಿ ಅದು ಗಂಡಸರ ಬಾಯಿಗೆ ಸದಾ ಹತ್ತಿರ. ಎಡಿಎಚ್‌ಡಿ ಇದ್ದವರು ತಂಬಾಕಿಗೆ ಬೀಳುವುದು ಉಳಿದವರಿಗಿಂತ ಹೆಚ್ಚು ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ನಿಕೋಟಿನ್ ಕೂಡ ನಾಡಿಯನ್ನು ಓಡಿಸುತ್ತದೆ. ಗುಟ್ಕಾ ಹಾಕುವ ವಿಷಯ ಮುಚ್ಚಿಟ್ಟು ಗುಳಿಗೆಯ ಪ್ರಮಾಣ ಹೊಂದಿಸಿಕೊಂಡರೆ ಆ ಲೆಕ್ಕ ತಪ್ಪೇ ಬರುತ್ತದೆ.

ನಾಡಿ ಎಷ್ಟು ಏರುತ್ತದೆ? ಔಷಧದ ಜೊತೆಗಿನ ಮಾಹಿತಿಯ ಪ್ರಕಾರ ಸರಾಸರಿಯಲ್ಲಿ ನಿಮಿಷಕ್ಕೆ 3ರಿಂದ 6 ಬಡಿತ ಹೆಚ್ಚು, ಬಿ.ಪಿ. 2ರಿಂದ 4 ಅಂಕ ಹೆಚ್ಚು. ಸರಾಸರಿ ಎಂದರೆ ಕೆಲವರಿಗೆ ಏನೂ ಏರುವುದಿಲ್ಲ, ಕೆಲವರಿಗೆ ಬಹಳ ಏರುತ್ತದೆ. ಅದಕ್ಕೆ ಗುಳಿಗೆ ಶುರು ಮಾಡುವ ಮುಂಚೆ, ಪ್ರತಿ ಸಲ ಪ್ರಮಾಣ ಬದಲಿಸಿದಾಗ, ಆಮೇಲೆ ಆರು ತಿಂಗಳಿಗೊಮ್ಮೆ ನಾಡಿ, ಬಿ.ಪಿ., ತೂಕ ನೋಡಬೇಕೆಂದು ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಹೇಳುತ್ತದೆ. ಮನೆಯಲ್ಲಿ ಮಾವನವರ ಬಿ.ಪಿ. ಯಂತ್ರ ಇದ್ದರೆ ಅದೇ ಸಾಕು. ಅಳೆಯುವುದು ಗುಳಿಗೆ ಏರಿದ ಹೊತ್ತಿನಲ್ಲಾಗಬೇಕು. ರಾತ್ರಿ ಊಟದ ಮೇಲೆ ನೋಡಿ ಎಲ್ಲ ಸರಿ ಇದೆ ಎಂದುಕೊಂಡರೆ ಪ್ರಯೋಜನವಿಲ್ಲ. ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಹೃದಯ ನಿಂತು ತೀರಿಕೊಂಡವರಿದ್ದರೆ, ಥೈರಾಯಿಡ್ ಅತಿಯಾಗಿದ್ದರೆ, ಕಣ್ಣಿನ ಗ್ಲಾಕೋಮಾ ಇದ್ದರೆ ವೈದ್ಯರು ಕೇಳದಿದ್ದರೂ ನಾವೇ ಹೇಳಬೇಕು. ಎದೆನೋವು, ಕಣ್ಣು ಕತ್ತಲೆ ಬಂದು ಬೀಳುವುದು, ಇಲ್ಲದ ದನಿ ಕೇಳುವುದು, ಎಲ್ಲರ ಮೇಲೂ ಅನುಮಾನ ಹುಟ್ಟುವುದು, ಸಾಯುವ ವಿಚಾರ ಬರುವುದು ಅಪರೂಪ. ಅಂಥದ್ದೇನಾದರೂ ಆದರೆ ಟಿಪ್ಪಣಿ ಬರೆಯುತ್ತ ಕೂಡುವ ಮಾತಿಲ್ಲ, ಅದೇ ಕ್ಷಣ ಆಸ್ಪತ್ರೆಗೆ ಹೋಗಬೇಕು.

ಇನ್ನು ಮಧ್ಯಾಹ್ನದ ರೊಟ್ಟಿ. ಹಸಿವು ಸಾಯುವುದು ಈ ಗುಳಿಗೆಯ ಅತಿ ಸಾಮಾನ್ಯ ತೊಂದರೆ. ನಮ್ಮ ಸೀಮೆಯಲ್ಲಿ ಅದು ಕೇವಲ ಹೊಟ್ಟೆಯ ವಿಷಯವಾಗಿ ಉಳಿಯುವುದಿಲ್ಲ. ಉತ್ತರ ಕರ್ನಾಟಕದ ಮನೆಯಲ್ಲಿ ಪ್ರೀತಿಯ ಲೆಕ್ಕ ನಡೆಯುವುದು ರೊಟ್ಟಿಯಲ್ಲಿ. "ಇನ್ನೊಂದ ಅರ್ಧಾ ಹಾಕ್ಕೊ" ಎನ್ನುವುದಕ್ಕೆ ಬೇಡ ಎಂದರೆ ರೊಟ್ಟಿಯನ್ನಷ್ಟೇ ಅಲ್ಲ, ಬಡಿದವರನ್ನೂ ಬೇಡ ಎಂದಂತೆ. ಜೋಳದ ರೊಟ್ಟಿ ಒಣ ಊಟ ಬೇರೆ. ಬಾಯಲ್ಲಿ ಜೊಲ್ಲೇ ಇಲ್ಲದಾಗ ಕಟಕ ರೊಟ್ಟಿ ಮರಳು ಅಗಿದಂತಾಗುತ್ತದೆ. ಮೂರು ತಿಂಗಳಲ್ಲಿ ನನ್ನ ತೂಕ 4 ಕಿಲೋ ಇಳಿಯಿತು. ಸಂಘದಲ್ಲಿ ಕೆಲವರು "ಚೊಲೊ ಆತು ಬಿಡ್ರಿ, ಸಣ್ಣಾದ್ರಿ" ಎಂದರು. ಅದು ಒಳ್ಳೆಯದಾಗಿರಲಿಲ್ಲ. ಸಂಜೆ ಮೆಟ್ಟಿಲು ಹತ್ತಲು ಕಾಲು ನಡುಗುತ್ತಿದ್ದವು.

ಇಲ್ಲಿ ಗಡಿಯಾರ ನನ್ನನ್ನು ಕಾಪಾಡಿತು. ಆಗ ನನಗಿದ್ದದ್ದು ದಿನಕ್ಕೆ ಎರಡು ಸಾದಾ ಗುಳಿಗೆ: ಎಂಟೂವರೆಗೆ ಒಂದು, ಒಂದು ಗಂಟೆಗೆ ಇನ್ನೊಂದು. ನಮ್ಮ ಸಂಘದಲ್ಲಿ ಡಬ್ಬಿ ಬಿಚ್ಚುವುದು ಎರಡಕ್ಕೆ. ಅಂದರೆ ಮೊದಲ ಗುಳಿಗೆ ಇಳಿದು ಹಸಿವು ಮೆಲ್ಲಗೆ ಕಣ್ಣುಬಿಡುವ ಹನ್ನೆರಡೂವರೆಯ ಹೊತ್ತನ್ನು ಕೆಲಸದಲ್ಲಿ ಕಳೆದು, ಎರಡನೆಯದನ್ನು ನುಂಗಿ ಹಸಿವನ್ನು ಮತ್ತೆ ಮಲಗಿಸಿ, ಆಮೇಲೆ ಊಟಕ್ಕೆ ಕೂಡುತ್ತಿದ್ದೆ. ಹನ್ನೆರಡು ಮುಕ್ಕಾಲಿಗೆ ಒಬ್ಬಳೇ ಡಬ್ಬಿ ಬಿಚ್ಚಲು ಶುರುಮಾಡಿದೆ. ಜೊತೆಯಲ್ಲಿ ಉಣ್ಣದೆ ಒಬ್ಬಳೇ ಉಣ್ಣುವುದು ನಮ್ಮಲ್ಲಿ ಚಂದ ಕಾಣುವುದಿಲ್ಲ. ಮ್ಯಾನೇಜರ್ ಸಾಹೇಬರಿಗೆ ಗುಳಿಗೆಯ ವಿಷಯ ಹೇಳಿ ಒಪ್ಪಿಗೆ ಪಡೆದೆ. ಬೆಳಿಗ್ಗೆ ಗುಳಿಗೆಗೆ ಮೊದಲೇ ಗಟ್ಟಿ ನಾಷ್ಟಾ ಆಗಬೇಕು ಎಂಬುದು ಇನ್ನೊಂದು ಪಾಠ. ಹಸಿವು ಇನ್ನೂ ನಮ್ಮದಾಗಿರುವ ಹೊತ್ತು ಅದು. ರಾತ್ರಿಯ ರೊಟ್ಟಿಗೆ ಮೊಸರು, ಶೇಂಗಾ ಚಟ್ನಿ ಕಲಸಿಕೊಂಡರೂ ಸಾಕು. ಅಗಿಯಲಾಗದ ಹೊತ್ತಿಗೆ ಕುಡಿಯಬಹುದಾದದ್ದು ನಡೆಯುತ್ತದೆ: ಅಂಬಲಿ, ಮಜ್ಜಿಗೆ, ಹಾಲು. ಚೀಲದಲ್ಲಿ ಶೇಂಗಾ ಉಂಡೆಯೋ ಅಮೀನಗಡದ ಕರದಂಟಿನ ಒಂದು ತುಂಡೋ ಇದ್ದರೆ ತುತ್ತಿನಲ್ಲೇ ಬಹಳ ಬಲ ಸಿಗುತ್ತದೆ. ರಾತ್ರಿ ಒಂಬತ್ತರ ಮೇಲೆ ಹಸಿವು ಸಾಲ ವಸೂಲಿಗೆ ಬಂದವರಂತೆ ಬರುತ್ತದೆ. ಆಗ ಉಣ್ಣಬೇಕು, ತಪ್ಪಲ್ಲ. ತೂಕ ಮಾತ್ರ ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ನೋಡಿಕೊಳ್ಳಬೇಕು.

ಉಪವಾಸದವರ ಕಷ್ಟ ಬೇರೆ. ಸೋಮವಾರ, ಏಕಾದಶಿ, ಶ್ರಾವಣ ಹಿಡಿಯುವವರು ಹಸಿವಿಲ್ಲದ್ದರಿಂದ ಇದು ಸುಲಭವೆಂದುಕೊಂಡು ನೀರನ್ನೂ ಮರೆಯುತ್ತಾರೆ. ರಂಜಾನಿನಲ್ಲಿ ರೋಜಾ ಇರುವವರು ನಸುಕಿನ ಸಹರಿಯ ಹೊತ್ತಿಗೇ ನುಂಗಬೇಕಾಗುತ್ತದೆ. ಸಾದಾ ಗುಳಿಗೆ ಆಫೀಸು ತೆರೆಯುವ ಮೊದಲೇ ಇಳಿದುಹೋಗುತ್ತದೆ. ತಿಂಗಳ ಮುಂಚೆಯೇ ವೈದ್ಯರ ಬಳಿ ಹೋಗಿ ಆ ಒಂದು ತಿಂಗಳಿಗೆ ದೀರ್ಘಾವಧಿಯದು ಹೊಂದುತ್ತದೆಯೇ ಎಂದು ಕೇಳುವುದು ಉಚಿತ. ನಮ್ಮ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಏಪ್ರಿಲ್-ಮೇದಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಉತ್ತೇಜಕಗಳು ಮೈಯ ಕಾವನ್ನು ಏರಿಸಬಲ್ಲವು, ಒಂದೇ ಕೆಲಸದಲ್ಲಿ ಮುಳುಗಿದವರಿಗೆ ಬಾಯಾರಿಕೆಯ ಅರಿವೂ ತಡವಾಗುತ್ತದೆ. ನನ್ನ ತಲೆನೋವಿನ ಅರ್ಧ ಭಾಗ ಒಂದು ತಂಬಿಗೆ ನೀರಿನಲ್ಲಿ ಹೋಯಿತು.

ಎಲ್ಲಕ್ಕಿಂತ ಕಠಿಣವಾದದ್ದು ಸಂಜೆ. ಗುಳಿಗೆ ಇಳಿಯುವಾಗ ಸುಮ್ಮನೆ ಇಳಿಯುವುದಿಲ್ಲ. ಒಂದು ತಾಸು, ಕೆಲವರಿಗೆ ಎರಡು ತಾಸು, ಮೊದಲಿಗಿಂತ ಹೆಚ್ಚು ಚಂಚಲ, ಹೆಚ್ಚು ಸಿಟ್ಟು, ಅಳು, ದಣಿವು. ತೂತು ಮುಚ್ಚಿದ್ದ ಕೈ ಒಮ್ಮೆಲೇ ತೆಗೆದರೆ ನೀರು ನುಗ್ಗಿ ಹೋದ ಹಾಗೆ. ಇದಕ್ಕೆ ವೈದ್ಯರು ರೀಬೌಂಡ್ ಎನ್ನುತ್ತಾರೆ. ನನಗಿದು ಐದೂವರೆಗೆ ಬರುತ್ತಿತ್ತು. ಐದೂವರೆ ಎಂದರೆ ಹೆಣ್ಣುಮಕ್ಕಳ ಎರಡನೇ ಪಾಳಿ ಶುರುವಾಗುವ ಹೊತ್ತು: ಮಗನ ಹೋಂವರ್ಕು, ಒಲೆ, ಬಂದವರಿಗೆ ಚಹಾ, ನಳ ಬಂದರೆ ನೀರು ತುಂಬುವುದು. ಬೆಳಗಿನಿಂದ ಸಂಜೆಯವರೆಗೆ ಗುಳಿಗೆಯ ಒಳ್ಳೆಯ ತಾಸುಗಳೆಲ್ಲ ಸಂಘದ ಖಾತೆಗೆ ಜಮಾ, ಕೆಟ್ಟ ತಾಸು ಮನೆಯ ಖಾತೆಗೆ. ಮಗ ಒಂದು ದಿನ "ಮಮ್ಮಿ, ನಿನ್ನ ಗುಳಿಗಿ ಮುಗಿತೇನ?" ಎಂದು ಕೇಳಿದ. ಆ ಪ್ರಶ್ನೆ ಕೇಳಿ ನನಗೆ ನಾಚಿಕೆಯಾಯಿತು. ಆಮೇಲೆ ಯೋಚಿಸಿದರೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಗುಳಿಗೆಯ ಗಡಿಯಾರ ಓದಿದವನು ಅವನೇ.

ವಯಸ್ಕರಿಗೆ ಮದ್ದು ಬರೆಯುವಾಗ "ಆಫೀಸಿನಲ್ಲಿ ಹೇಗಿದ್ದೀರಿ" ಎಂಬ ಪ್ರಶ್ನೆಯೊಂದೇ ಬಂದರೆ ಮನೆಯಲ್ಲಿ ದುಡಿಯುವವರಿಗೆ ಅನ್ಯಾಯವಾಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಇಳಿತವನ್ನು ಮೆತ್ತಗಾಗಿಸುವ ದಾರಿಗಳು ವೈದ್ಯರ ಬಳಿ ಇವೆ. ಸಾದಾದಿಂದ ದೀರ್ಘಾವಧಿಗೆ ಬದಲಿಸುವುದು ಒಂದು, ಹೊತ್ತು ಸರಿಸುವುದು ಇನ್ನೊಂದು, ಕೆಲವರಿಗೆ ಸಂಜೆ ಅತಿ ಸಣ್ಣ ಪ್ರಮಾಣ ಕೊಡುವುದು ಮತ್ತೊಂದು. ನಾವು ಮಾಡಬಹುದಾದದ್ದು ಆ ಒಂದು ತಾಸನ್ನು ಬರಿದಾಗಿಡುವುದು. ನಮ್ಮ ಮನೆಯಲ್ಲಿ ಈಗ ಐದೂವರೆಯಿಂದ ಆರೂವರೆ ಹೋಂವರ್ಕ್ ಇಲ್ಲ, ದುಡ್ಡಿನ ಮಾತಿಲ್ಲ, ಜಗಳಕ್ಕೂ ಆರೂವರೆಯ ನಂತರದ ಹೊತ್ತು. ಯಜಮಾನರು ಚಹಾ ಇಡುತ್ತಾರೆ. ಇದನ್ನು ಪಡೆಯಲು ಎಂಟು ತಿಂಗಳು ಹಿಡಿಯಿತು.

ನಿದ್ದೆ ಕೆಡುವುದಕ್ಕೆ ಕಾರಣ ಒಂದೇ ಅಲ್ಲ. ಒಂದು ಗಂಟೆಯ ಗುಳಿಗೆಯನ್ನು ಮರೆತು ಮೂರೂವರೆಗೆ ನುಂಗಿದ ದಿನಗಳಲ್ಲೆಲ್ಲ ನಾನು ರಾತ್ರಿ ಒಂದರವರೆಗೆ ಸೂರು ನೋಡಿದ್ದೇನೆ. ಅದು ನೇರವಾಗಿ ಮದ್ದಿನ ನಿದ್ದೆಗೇಡು. ಆದರೆ ನನ್ನ ಸೋದರಳಿಯನಿಗೆ ಉಲ್ಟಾ. ಮದ್ದು ಪೂರ್ತಿ ಇಳಿದ ಮೇಲೆಯೇ ಅವನ ತಲೆಯಲ್ಲಿ ಸಂತೆ ನೆರೆಯುತ್ತದೆ. ಇಬ್ಬರೂ ವೈದ್ಯರಿಗೆ "ನಿದ್ದಿ ಬರೂದಿಲ್ರಿ" ಎಂದಷ್ಟೇ ಹೇಳಿದರೆ ಇಬ್ಬರಿಗೂ ಒಂದೇ ಪರಿಹಾರ ಸಿಕ್ಕೀತು, ಒಬ್ಬರಿಗೆ ಅದು ತಿರುಗುಬಾಣವಾದೀತು. ಮಧ್ಯಾಹ್ನದ ಗುಳಿಗೆ ಮರೆತರೆ ಅದನ್ನು ಬಿಟ್ಟುಬಿಡುವುದೋ ನುಂಗುವುದೋ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ನುಂಗಿದ್ದೇನೋ ಇಲ್ಲವೋ ಎಂದೇ ಮರೆತು ಎರಡು ನುಂಗುವ ಅಪಾಯ ನಮಗೆ ಉಳಿದ ರೋಗಿಗಳಿಗಿಂತ ಹೆಚ್ಚು. ವಾರದ ಏಳು ಮನೆಗಳಿರುವ ಸಣ್ಣ ಗುಳಿಗೆ ಡಬ್ಬಿ ಇದಕ್ಕೆ ಸರಳ ಮದ್ದು.

ತಿಂಗಳ ಗಡಿಯಾರವೂ ಒಂದಿದೆ. ಮುಟ್ಟಿಗೆ ಮೊದಲಿನ ವಾರ ಅದೇ ಗುಳಿಗೆ ಅರ್ಧವೇ ಕೆಲಸ ಮಾಡಿದಂತೆ ಅನ್ನಿಸುತ್ತದೆ ಎಂದು ಬಹಳ ಹೆಣ್ಣುಮಕ್ಕಳು ಹೇಳುತ್ತಾರೆ. ನನ್ನ ಟಿಪ್ಪಣಿಯಲ್ಲೂ ಹಾಗೇ ಇದೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಮತ್ತು ಡೋಪಮೈನ್‌ಗಳ ನಂಟಿನ ಮೇಲೆ ಸಂಶೋಧನೆ ನಡೆಯುತ್ತಿದೆ, ಇನ್ನೂ ಸಣ್ಣ ಮಟ್ಟದಲ್ಲಿ. ಆ ವಾರ ತಾನಾಗಿ ಗುಳಿಗೆ ಹೆಚ್ಚು ಮಾಡಿಕೊಳ್ಳುವುದು ಸಲ್ಲದು. ಆದರೆ ದಿನಾಂಕ ಬರೆದಿಟ್ಟುಕೊಂಡರೆ ವೈದ್ಯರ ಮುಂದೆ ಮಾತಾಡಲು ಆಧಾರ ಸಿಗುತ್ತದೆ. ಬಸುರಿಯಾಗುವ ಯೋಚನೆ ಇದ್ದವರು ಮೊದಲೇ ಅವರಿಗೆ ತಿಳಿಸಬೇಕು.

ಮೊಬೈಲಿನಲ್ಲಿ ಸಿಗುವ ಸಲಹೆಗಳ ಬಗ್ಗೆ ಒಂದು ಮಾತು. ಗುಳಿಗೆಯ ಹಿಂದೆಮುಂದೆ ಒಂದು ತಾಸು ಲಿಂಬೆ, ಕಿತ್ತಳೆ ಮುಟ್ಟಬೇಡಿ ಎಂದು ಅಮೆರಿಕದ ವಿಡಿಯೊಗಳು ಹೇಳುತ್ತವೆ. ಭೌಗೋಳಿಕ ಗುರುತಿನ ಮುದ್ರೆ ಪಡೆದ ಇಂಡಿ ಲಿಂಬೆ ನಮ್ಮ ಜಿಲ್ಲೆಯದೇ. ಉಪ್ಪಿನಕಾಯಿ ಇಲ್ಲದೆ ನಮ್ಮ ಊಟ ಮುಗಿಯುವುದಿಲ್ಲ. ನಾನು ಎರಡು ತಿಂಗಳು ಲಿಂಬೆ ಬಿಟ್ಟೆ. ಆಮೇಲೆ ತಿಳಿಯಿತು, ಆ ಸಲಹೆ ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಆಂಫೆಟಮೈನ್ ಗುಳಿಗೆಗಳದು. ಮೂತ್ರದಲ್ಲಿ ಹುಳಿ ಹೆಚ್ಚಾದರೆ ಆಂಫೆಟಮೈನ್ ಬೇಗ ಹೊರಗೆ ಹೋಗುತ್ತದೆ. ನಮ್ಮಲ್ಲಿ ಆ ಗುಳಿಗೆ ಮಾರಾಟಕ್ಕೇ ಇಲ್ಲ. ಮೀಥೈಲ್‌ಫೆನಿಡೇಟನ್ನು ಒಡೆಯುವುದು ಯಕೃತ್ತಿನ ಒಂದು ಕಿಣ್ವ, ಲಿಂಬೆಗೂ ಅದಕ್ಕೂ ಸಂಬಂಧವಿಲ್ಲ. ದೂರವಿಡಬೇಕಾದದ್ದು ದಾರು. ಅದು ಈ ಮದ್ದಿನೊಂದಿಗೆ ಕೂಡಿ ರಕ್ತದಲ್ಲಿ ಮದ್ದಿನ ಮಟ್ಟವನ್ನು ಏರಿಸುತ್ತದೆ. ಗುಳಿಗೆಯಿಂದಾಗಿ ಕುಡಿಯುವಂತಿಲ್ಲ ಎಂದು ಹುಡುಗರು ಗೆಳೆಯರ ಮುಂದೆ ಹೇಳಿಕೊಳ್ಳಲಾರದೆ ಗುಳಿಗೆಯನ್ನೇ ಬಿಡುತ್ತಾರೆ.

"ಇದು ಚಟಾ ಹತ್ತೂ ಗುಳಿಗಿ" ಎಂಬ ಮಾತು ನಮ್ಮ ಮನೆಗೂ ಬಂತು. ಔಷಧ ಅಂಗಡಿಯವನೇ ಹಾಗೆ ಹೇಳಿದ್ದ. ದುರ್ಬಳಕೆಯ ಸಾಧ್ಯತೆ ನಿಜ. ಪರೀಕ್ಷೆಯ ರಾತ್ರಿ ಎಚ್ಚರವಿರಲು ಗೆಳೆಯನ ಗುಳಿಗೆ ನುಂಗುವುದು ಅಪಾಯ, ಕಾನೂನಿನ ಪ್ರಕಾರ ಅಪರಾಧ ಕೂಡ. ಆದರೆ ಹೇಳಿದ ಪ್ರಮಾಣದಲ್ಲಿ, ಬಾಯಿಯಿಂದ, ನಿಗಾದಲ್ಲಿ ತೆಗೆದುಕೊಳ್ಳುವ ರೋಗಿಗೆ ಆಗುವ ಅನುಭವ ಬೇರೆ. ನನಗೆ ಯಾವ ಅಮಲೂ ಏರಿಲ್ಲ. ಹೆಚ್ಚೆಂದರೆ ಒಮ್ಮೆ ಪ್ರಮಾಣ ಏರಿಸಿದಾಗ ಮಂಕಾದೆ. ನಗು ಬರುವಲ್ಲಿ ನಗು ಬರಲಿಲ್ಲ, ಮಗನ ಹಾಡಿಗೆ ತಲೆ ತೂಗಲಿಲ್ಲ, ಕೂತಲ್ಲಿ ಕೂತೇ ಇದ್ದೆ. ಮನೆಯವರಿಗೆ ನಾನು ಶಾಂತಳಾದಂತೆ ಕಂಡಿತು, ಅವರು ಸಂತೋಷಪಟ್ಟರು. ಅದು ಶಾಂತಿಯಾಗಿರಲಿಲ್ಲ, ಪ್ರಮಾಣ ಹೆಚ್ಚಾದುದರ ಗುರುತಾಗಿತ್ತು. ಒಂದು ಹೆಣ್ಣು ಸುಮ್ಮನಾದರೆ ಅದನ್ನು ಗುಣವೆಂದು ತಿಳಿಯುವ ಮನೆಗಳಲ್ಲಿ ಈ ಅಡ್ಡಪರಿಣಾಮ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯಬಹುದು.

ಈಗ ಅಸಲು ತೊಡಕಿಗೆ ಬರುತ್ತೇನೆ. ಮೇಲೆ ಹೇಳಿದ ಎಲ್ಲಕ್ಕೂ ಪರಿಹಾರ ಒಂದೇ ಬಗೆಯದು: ಸ್ವಲ್ಪ ಬದಲಿಸಿ, ಎರಡು ವಾರ ನೋಡಿ, ಮತ್ತೆ ಸ್ವಲ್ಪ ಬದಲಿಸುವುದು. ಅದಕ್ಕೆ ವೈದ್ಯರು ಪದೇ ಪದೇ ಸಿಗಬೇಕು. ಮೀಥೈಲ್‌ಫೆನಿಡೇಟ್ ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಮನಸ್ಸಿನ ಮೇಲೆ ಪರಿಣಾಮ ಮಾಡುವ ವಸ್ತುಗಳ ಪಟ್ಟಿಯಲ್ಲಿದೆ, ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್‌ನಲ್ಲೂ ಇದೆ. ಅಂಗಡಿಗೆ ಪ್ರತ್ಯೇಕ ಪರವಾನಗಿ ಬೇಕು, ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾದಿಡಬೇಕು. ಇಷ್ಟು ತಲೆನೋವು ಬೇಡವೆಂದು ಅನೇಕ ಅಂಗಡಿಗಳು ಇದನ್ನು ತರಿಸುವುದೇ ಇಲ್ಲ. 2020ರ ಮಾರ್ಚಿನ ಟೆಲಿಮೆಡಿಸಿನ್ ಮಾರ್ಗಸೂಚಿ ಶೆಡ್ಯೂಲ್ ಎಕ್ಸ್ ಮದ್ದುಗಳನ್ನು ಫೋನಿನಲ್ಲೋ ವಿಡಿಯೊದಲ್ಲೋ ಬರೆದುಕೊಡುವುದನ್ನು ಪೂರ್ತಿ ನಿಷೇಧಿಸಿದೆ. ಬೇರೆ ಎಷ್ಟೋ ಕಾಯಿಲೆಯವರು ಬೆಂಗಳೂರಿನ ವೈದ್ಯರನ್ನು ಪರದೆಯ ಮೇಲೆ ಕಂಡು ಮದ್ದು ಬದಲಿಸಿಕೊಳ್ಳುತ್ತಾರೆ. ನಮಗೆ ಆ ದಾರಿ ಮುಚ್ಚಿದೆ.

ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಬೆಳಗಾವಿಯವರಿಗೆ ಧಾರವಾಡ ಎರಡು ತಾಸಿನೊಳಗಿನ ಮಾತು. ವಿಜಯಪುರದಿಂದ ಅದು 200 ಕಿ.ಮೀ. ಆಸುಪಾಸು, ಒಂದು ದಿನದ ಪಗಾರ ಬಿಟ್ಟು ಹೋಗಬೇಕು. ವಯಸ್ಕರ ಎಡಿಎಚ್‌ಡಿಯನ್ನು ನಂಬುವ ವೈದ್ಯರು ಸಿಗುವುದು ಬೇರೆಯೇ ಅದೃಷ್ಟ. ನಾನು ಮೊದಲು ಹೋದ ಕಡೆ "ಈ ವಯಸ್ಸಿನ್ಯಾಗ ಅದೆಲ್ಲಾ ಇರೂದಿಲ್ಲವಾ, ಧ್ಯಾನ ಮಾಡು" ಎಂದು ಕಳಿಸಿದರು. ಗುಳಿಗೆ ಖಾಲಿಯಾದ ಒಂದು ತಿಂಗಳು ಏಳು ಅಂಗಡಿ ತಿರುಗಿದೆ. ಎರಡು ಕಡೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಆಧಾರ್ ಕಾರ್ಡ್ ಕೇಳಿದರು. ಇನ್ನೊಂದು ಮಾತೂ ಇದೆ, ಇದನ್ನು ನೋವಿನಿಂದಲೇ ಹೇಳುತ್ತೇನೆ. ಎರಡು ಪ್ರತಿ ಚೀಟಿ ಜೋಪಾನ ಮಾಡುವುದು, ಗುಳಿಗೆ ಮುಗಿಯುವ ಹತ್ತು ದಿನ ಮೊದಲೇ ನೆನಪಿಟ್ಟುಕೊಳ್ಳುವುದು, ನಾಲ್ಕು ಕಡೆ ಫೋನ್ ಮಾಡಿ ವಿಚಾರಿಸುವುದು, ಸರದಿಯಲ್ಲಿ ಮೂರು ತಾಸು ಕಾಯುವುದು, ಈ ಒಂದೊಂದೂ ಎಡಿಎಚ್‌ಡಿ ಇದ್ದವರ ಕೈಲಾಗದ ಕೆಲಸ. ಕಾಲು ಮುರಿದವನಿಗೆ ಊರುಗೋಲು ಮೂರನೇ ಮಹಡಿಯಲ್ಲಿದೆ ಎಂದ ಹಾಗೆ. ಮದ್ದಿನ ಮೇಲೆ ಕಟ್ಟುಪಾಡು ಇರಲಿ. ಆದರೆ ರೋಗಪತ್ತೆ ಎದುರುಬದುರು ಆಗಿ, ಒಮ್ಮೆ ಪ್ರಮಾಣ ನಿಂತ ಮೇಲೆ ಅದನ್ನೇ ಮುಂದುವರಿಸಲು ಜಿಲ್ಲಾಸ್ಪತ್ರೆಯಲ್ಲೇ ವ್ಯವಸ್ಥೆ ಮಾಡುವುದಕ್ಕೆ, ಪ್ರತಿ ಜಿಲ್ಲಾ ಕೇಂದ್ರದಲ್ಲಿ ಒಂದು ಸರಕಾರಿ ಔಷಧ ಮಳಿಗೆಯಲ್ಲಾದರೂ ಇದನ್ನು ಇಡುವುದಕ್ಕೆ ದೊಡ್ಡ ಕಾನೂನು ತಿದ್ದುಪಡಿ ಬೇಕಾಗದು.

ಪೂರೈಕೆ ಕೈಕೊಟ್ಟ ದಿನಗಳಲ್ಲಿ ಏನಾಗುತ್ತದೆ ಎಂಬುದನ್ನು ಯಾರೂ ಅಡ್ಡಪರಿಣಾಮದ ಪಟ್ಟಿಯಲ್ಲಿ ಬರೆಯುವುದಿಲ್ಲ. ಹತ್ತು ದಿನ ಗುಳಿಗೆ ಇಲ್ಲದೆ ಇದ್ದು ಮತ್ತೆ ಶುರು ಮಾಡಿದರೆ ಹಸಿವು, ನಾಡಿ, ನಿದ್ದೆಯ ತಂಟೆಗಳು ಮತ್ತೆ ಮೊದಲಿನ ವಾರದಂತೆ ಎದ್ದು ಕೂರುತ್ತವೆ. ನಾನು ಎರಡು ಸಲ ಬಿಟ್ಟದ್ದರಲ್ಲಿ ಒಂದು ಸಲ ಹೀಗೇ ಆಯಿತು. ಮೈಗೆ ಹಿಡಿಸಲಿಲ್ಲ ಎಂದು ಹೇಳಿದೆನಾದರೂ ನಿಜಕ್ಕೂ ಸಿಗದೇ ಇದ್ದದ್ದು ಗುಳಿಗೆ.

ವರ್ಷಾನುಗಟ್ಟಲೆ ತೆಗೆದುಕೊಂಡರೆ ಹೃದಯಕ್ಕೇನು ಎಂಬ ಭಯ ನನಗೂ ಇದೆ. ಸ್ವೀಡನ್ನಿನ ಎರಡು ದೊಡ್ಡ ಅಧ್ಯಯನಗಳನ್ನು ಒಟ್ಟಿಗೇ ಓದಬೇಕು. 2023ರ ಕೊನೆಯಲ್ಲಿ ಬಂದದ್ದರಲ್ಲಿ ಎಡಿಎಚ್‌ಡಿ ಮದ್ದಿನ ಬಳಕೆಯ ಪ್ರತಿ ವರ್ಷಕ್ಕೆ ಹೃದಯ-ರಕ್ತನಾಳದ ಕಾಯಿಲೆಯ ಸಂಭವ ಸರಾಸರಿ ಶೇ 4ರಷ್ಟು ಹೆಚ್ಚಿದ್ದು ಕಂಡಿತು, ಮುಖ್ಯವಾಗಿ ಬಿ.ಪಿ. ಮತ್ತು ಅಪಧಮನಿಯ ಕಾಯಿಲೆ. ಇದು ಇರುವ ಸಂಭವದ ಮೇಲೆ ಶೇ 4. ನೂರರಲ್ಲಿ ನಾಲ್ವರಿಗೆ ಕಾಯಿಲೆ ಬಂತು ಎಂದಲ್ಲ. 2024ರ ಮಾರ್ಚಿನಲ್ಲಿ ಬಂದ ಇನ್ನೊಂದು ಅಧ್ಯಯನ ಎಡಿಎಚ್‌ಡಿ ಇರುವ ಸುಮಾರು ಒಂದೂವರೆ ಲಕ್ಷ ಜನರನ್ನು ಎರಡು ವರ್ಷ ನೋಡಿತು. ಮದ್ದು ಶುರು ಮಾಡಿದವರಲ್ಲಿ ಸಾವು, ಮಾಡದವರಿಗಿಂತ ಶೇ 21ರಷ್ಟು ಕಡಿಮೆ ಇತ್ತು. ಆ ಇಳಿಕೆ ಕಂಡದ್ದು ಅಪಘಾತದಂಥ ಅಸಹಜ ಸಾವುಗಳಲ್ಲಿ. ಗಾಡಿ ಓಡಿಸುವಾಗ ಮನಸ್ಸು ಎಲ್ಲೋ ಹೋಗಿ ಎದುರಿನ ಟ್ರ್ಯಾಕ್ಟರ್ ಕಾಣದೆ ಹೋದ ಅನುಭವ ಇದ್ದವರಿಗೆ ಈ ಅಂಕಿಯನ್ನು ವಿವರಿಸಬೇಕಿಲ್ಲ. ಎರಡನ್ನೂ ಇಟ್ಟುಕೊಂಡು ನಾನು ಮಾಡಿಕೊಂಡ ತೀರ್ಮಾನ: ಗುಳಿಗೆ ಮುಂದುವರಿಸುತ್ತೇನೆ, ಬಿ.ಪಿ. ಬರೆದಿಡುತ್ತೇನೆ, ವರ್ಷಕ್ಕೊಮ್ಮೆ ಇದು ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳುತ್ತೇನೆ. ಉತ್ತೇಜಕ ಒಗ್ಗದವರಿಗೆ ಅಟೊಮಾಕ್ಸೆಟಿನ್ ಎಂಬ ಬೇರೆ ಬಗೆಯ ಮದ್ದಿದೆ. ಅದಕ್ಕೆ ಶೆಡ್ಯೂಲ್ ಎಕ್ಸ್ ಕಟ್ಟಿಲ್ಲ, ಗುಣ ಕಾಣಲು ನಾಲ್ಕಾರು ವಾರ ಬೇಕು, ವಾಕರಿಕೆ ಮುಂತಾದ ಅದರದೇ ತೊಂದರೆಗಳೂ ಇವೆ.

ಎಲ್ಲೂ ಯಾರೂ ಸಿಗದ ರಾತ್ರಿ ಮಾತಾಡಲೆಂದು ಟೆಲಿ-ಮಾನಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಇದೆ, ಕನ್ನಡದಲ್ಲೇ ಉತ್ತರಿಸುತ್ತಾರೆ.

ನನ್ನ ಬಳಿ ಇರುವುದು ಮಗನ ಹಳೆಯ ಇನ್ನೂರು ಪುಟದ ನೋಟ್‌ಬುಕ್ಕು. ದಿನಕ್ಕೆ ಒಂದೇ ಸಾಲು: ಗುಳಿಗೆ ಎಷ್ಟಕ್ಕೆ, ಚಹಾ ಎಷ್ಟು, ಏನು ತ್ರಾಸು ಎಷ್ಟಕ್ಕೆ, ಮಲಗಿದ್ದು ಎಷ್ಟಕ್ಕೆ. ಬರೆಯಲು ಮರೆತ ದಿನಗಳು ಬಹಳ ಇವೆ, ಇರಲಿ. ಮೂರು ವಾರದ ಸಾಲುಗಳನ್ನು ಮುಂದಿಟ್ಟಾಗ ಈಗಿನ ವೈದ್ಯರು ಹತ್ತು ನಿಮಿಷ ಬೆರಳಿಟ್ಟು ಓದಿದರು, ಎರಡು ಸಾದಾ ಗುಳಿಗೆ ತೆಗೆದು ಬೆಳಿಗ್ಗೆ ಎಂಟಕ್ಕೆ ಒಂದೇ ದೀರ್ಘಾವಧಿಯದನ್ನು ಬರೆದರು. ಸಂಜೆಯ ಇಳಿತ ಮೆತ್ತಗಾಯಿತು, ನಿದ್ದೆ ಹನ್ನೊಂದಕ್ಕೆ ಬರುತ್ತದೆ. ಬದಲಿಗೆ ಮಧ್ಯಾಹ್ನದ ಹಸಿವು ಈಗ ಪೂರ್ತಿ ಹೋಗಿದೆ, ಹನ್ನೆರಡು ಮುಕ್ಕಾಲಿನ ಉಪಾಯವೂ ನಡೆಯುವುದಿಲ್ಲ. ಆ ಪುಟಗಳನ್ನು ಅತ್ತೆಗೂ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನದಿಂದ ಡಬ್ಬಿಯಲ್ಲಿ ಒಂದೇ ಮೆತ್ತನ್ನ ರೊಟ್ಟಿ, ಒಂದು ಬಾಟಲಿ ಮಜ್ಜಿಗೆ. ಉಳಿದ ಮೂರನ್ನು ರಾತ್ರಿ ಒಂಬತ್ತೂವರೆಗೆ, ಎಲ್ಲರ ಊಟ ಮುಗಿದ ಮೇಲೆ, ಹೊಸದಾಗಿ ಬಡಿಯುತ್ತಾರೆ. "ಬಾರವಾ, ನಿಂದು ಹೊತ್ತಾತು" ಎಂದು ಕರೆಯುತ್ತಾರೆ.